ಮಾರ್ಚಿವರೆಗೆ

ಮೂವತ್ತೊಂದು ವರ್ಷ ಲೆಮ್ಮರಿನ ಕಾಲುವೆಯ ಮೇಲೆ
ಸೇತುವೆ ಎತ್ತಿದವನು, ಇಳಿಸಿದವನು ನಾನು, ವೀಬೆ.
ದೋಣಿ ಬಂತೆಂದರೆ ಗಾಳದ ಕೋಲಿಗೆ ಮರದ ಜೋಡೊಂದನ್ನು ಕಟ್ಟಿ
ತೂಗಿಬಿಡುತ್ತಿದ್ದೆ. ಅದರೊಳಕ್ಕೆ ಸುಂಕ ಬೀಳುತ್ತಿತ್ತು
ಠಕ್ಕಂತ. ಲೆಕ್ಕ ಚುಕ್ತಾ. ದೋಣಿ ಮುಂದೆ.

ನಿವೃತ್ತನಾದ ಮೇಲೆ ನನಗೆ ಉಳಿದದ್ದು
ಹನ್ನೆರಡು ಹೆಜ್ಜೆ ಅಗಲದ ಹುಲ್ಲುಹಾಸು.
ಶನಿವಾರ ಹತ್ತಕ್ಕೆ ಯಂತ್ರ, ಅಂಚಿಗೆ ಕತ್ತರಿ,
ಆಗಷ್ಟೇ ಕ್ಷೌರವಾದ ಹುಡುಗನ ಕತ್ತಿನ ಹಾಗೆ.

ಪಕ್ಕದ ಮನೆಗೆ ಬಂದವಳು ನೀಂಕೆ. ಹಾಯಿ ಹೊಲಿಯುವವಳು,
ಬೆರಳ ತುದಿಯೆಲ್ಲ ಸೂಜಿಯ ಜಡ್ಡು.
ಬಂದ ವಾರವೇ ಅಲ್ಲಿದ್ದ ಹುಲ್ಲುಹಾಸನ್ನು
ಚಾಪೆ ಸುತ್ತಿದ ಹಾಗೆ ಸುತ್ತಿ ಎಸೆದಳು.
ಆ ಜಾಗಕ್ಕೆ ಏನು ನೆಟ್ಟಳು?
ಹುಲ್ಲು.
ದುಡ್ಡು ಕೊಟ್ಟು ತಂದ ಹುಲ್ಲು! ಕುಂಡಕ್ಕೊಂದು ಹೆಸರಿನ ಚೀಟಿ!
ಮೊದಲ ವರ್ಷ ಮಲಗಿದ್ದವು, ಎರಡನೆಯ ವರ್ಷ ಎದ್ದು ಕೂತವು,
ಮೂರನೆಯ ಆಗಸ್ಟಿಗೆ ಬೇಲಿಯ ಮೇಲಿಂದ ಬಾಗಿ
ನನ್ನ ಕಾಫಿಯ ಬಟ್ಟಲಿಗೇ ಇಣುಕಿದವು.

"ಸ್ವಲ್ಪ ಬಾಚಬಾರದೆ?" ಎಂದೆ. ತಮಾಷೆಗೇನೂ ಅಲ್ಲ.
"ಬಾಚುತ್ತೇನಲ್ಲ" ಎಂದಳು. ನಿಜಕ್ಕೂ ಬಾಚಿದಳು:
ಮೊಣಕಾಲೂರಿ, ಬೆರಳು ಬಿಡಿಸಿ,
ಕೂದಲೆಳೆಯಂಥ ಸ್ಟೀಪ ಹುಲ್ಲಿನೊಳಗಿಂದ
ಒಣಗಿದ್ದನ್ನಷ್ಟೇ ಎಳೆದು,
ಶಾಲೆಗೆ ತಡವಾದ ಮಗುವಿನ ಸಿಕ್ಕು ಬಿಡಿಸುವ ಹಾಗೆ.

ನವೆಂಬರಿನಲ್ಲಿ ಸೊಂಟದ ಶಸ್ತ್ರಚಿಕಿತ್ಸೆಗೆ ಹೋದಳು.
ಅವಳ ತೋಟ ಗೋಧಿಬಣ್ಣವಾಯಿತು, ಜೇನುಬಣ್ಣವಾಯಿತು,
ಆಮೇಲೆ ಹಳೇ ಹಗ್ಗದ ಬಣ್ಣ.
ಸತ್ತದ್ದನ್ನು ನಿಲ್ಲಿಸಿಟ್ಟುಕೊಳ್ಳಬಾರದೆಂದು ನನ್ನ ಎಣಿಕೆ.
ಉಪಕಾರ ಅಂದುಕೊಂಡೆ.
ಉಪಕಾರವೋ, ಮೂರು ವರ್ಷದ ತುರಿಕೆಯೋ.
ಒಂದೇ ಮಧ್ಯಾಹ್ನ ಸಾಕಾಯಿತು. ಹದಿನೇಳು ಮೊಂಡು ಬುಡ,
ಸಾಲಾಗಿ, ಅಚ್ಚುಕಟ್ಟಾಗಿ.

ಊರುಗೋಲಿನೊಂದಿಗೆ ಮರಳಿದವಳು ಕಿಟಕಿಯಲ್ಲಿ ನಿಂತಳು.
ಬೈದಿದ್ದರೆ ಚೆನ್ನಾಗಿತ್ತು.
"ಇಬ್ಬನಿ ಹೆಪ್ಪುಗಟ್ಟುವುದು ಇವುಗಳ ಮೇಲೆ, ವೀಬೆ.
ಮಾರ್ಚಿವರೆಗೆ ಮುಟ್ಟುವುದಿಲ್ಲ ಯಾರೂ.
ಈ ಆರು ವಾರ ಮಲಗಿ ನೋಡೋಣ ಅಂತಿದ್ದೆ."
ಅಷ್ಟೇ ಅಂದು ಪರದೆ ಎಳೆದಳು.

ಆ ಚಳಿಗಾಲ ಬರೀ ಮಳೆ.
ಕೊಯ್ದ ಬುಡಗಳೊಳಕ್ಕೆ ನೀರಿಳಿದು ಐದು ಕೊಳೆತವು.
ಕಾಲುವೆಯ ಕಡೆಯಿಂದ ಗಾಳಿ ಬಂದರೆ
ಬಂದದ್ದೇ ಗೊತ್ತಾಗುತ್ತಿರಲಿಲ್ಲ.
ಬಾವುಟ ನೋಡಿ ಗಾಳಿ ಓದಿದವನು ನಾನು;
ಸೇತುವೆ ಬಿಟ್ಟ ಮೇಲೆ ಯಾವುದನ್ನು ನೋಡಿ ಓದುತ್ತಿದ್ದೆನೆಂದು
ಆಗ ತಿಳಿಯಿತು.

ಉಳಿದ ಹನ್ನೆರಡು ಮತ್ತೆ ಎದ್ದವು.
ಮರು ಜನವರಿಯ ಒಂದು ಬೆಳಗ್ಗೆ, ಇನ್ನೂ ಹಾಲಿನವನೂ ಬಂದಿಲ್ಲ,
ತೆನೆತೆನೆಗೂ ಬಿಳಿ ಕಟ್ಟಿತ್ತು, ಉಪ್ಪಿನಲ್ಲಿ ಅದ್ದಿದ ಹಾಗೆ.
ಒಂದು ಗುಬ್ಬಿ ಬಂದು ಕೂತಿತು: ಕಡ್ಡಿ ಇಳಿಯಿತು.
ಹಾರಿತು: ಕಡ್ಡಿ ಏರಿತು.
ಮತ್ತೊಂದು ಬಂತು. ಇಳಿಯಿತು. ಏರಿತು.
ಚಪ್ಪಲಿಯಿಲ್ಲದ ಕಾಲು ಮರಗಟ್ಟುವವರೆಗೆ ನಿಂತಿದ್ದೆ.

ಮಾರ್ಚಿಯಲ್ಲಿ ಅವಳು ಹಾಯಿದಾರದಿಂದ
ಒಂದೊಂದೇ ಗುಂಪಿನ ನಡು ಬಿಗಿದು ಗರಗಸ ಹಿಡಿದಳು.
ನಾನು ಅಟ್ಟ ಹತ್ತಿ ಗಾಳದ ಕೋಲು ಹುಡುಕಿದೆ.
ಮರದ ಜೋಡಿನಲ್ಲಿ ಐದು ಕುಂಡದ ಬೆಲೆ ಇಟ್ಟು
ಬೇಲಿಯಾಚೆ ತೂಗಿಬಿಟ್ಟೆ.
ಸುಂಕ ಕೊಡುವ ಕಡೆ ನಿಂತದ್ದು ಇದೇ ಮೊದಲು; ಕೈ ನಡುಗಿತು.

ಗರಗಸದ ಸದ್ದು ನಿಂತಿತು.
ಸ್ವಲ್ಪ ಹೊತ್ತು ಏನೂ ಆಗಲಿಲ್ಲ.
ಆಮೇಲೆ ಕೋಲು ಬಾಗಿತು, ದೊಡ್ಡ ಮೀನು ಕಚ್ಚಿದ ಹಾಗೆ:
ಜೋಡಿನ ತುಂಬ ಒದ್ದೆ ಮಣ್ಣು, ಸೀಳಿದ ಬೇರು,
ಮೂರು ಮೊಳಕೆ. ದುಡ್ಡು ಮಾತ್ರ ಇರಲಿಲ್ಲ.
ತಗೊಂಡಳು. ಒಳ್ಳೆಯದಾಯಿತು.

ಹುಲ್ಲುಹಾಸಿನ ನಟ್ಟನಡುವೆ ನೆಟ್ಟಿದ್ದೇನೆ.
ಶನಿವಾರ ಹತ್ತಕ್ಕೆ ಯಂತ್ರ ಅಲ್ಲಿಗೆ ಬಂದು,
ಸೇತುವೆ ಎತ್ತಿರುವಾಗ ಬಂದ ಗಾಡಿಯ ಹಾಗೆ,
ತುಸು ನಿಲ್ಲುತ್ತದೆ.